ಹೊಸ ಎಂಜಿನ್ ತರುವ ಮೊದಲು ಮನೆಯಲ್ಲೊಂದು ಮಾತು

ಕಸಬಾ ಬೆಂಗ್ರೆಯಿರಲಿ, ಉಳ್ಳಾಲದ ಕೋಟೆಪುರವಿರಲಿ, ಅತ್ತ ಗಂಗೊಳ್ಳಿಯಿರಲಿ, ನಾಡದೋಣಿ ಇರುವ ನಮ್ಮ ಮನೆಗಳಲ್ಲಿ ಈಗ ಒಂದೇ ಚರ್ಚೆ. ಹಳೆಯ ಸೀಮೆಎಣ್ಣೆ ಎಂಜಿನ್ ಇನ್ನೆಷ್ಟು ದಿನ ಬಂದೀತು? ಹೊಸದು ತರುವುದಾದರೆ ಯಾವುದು? ದುಡ್ಡು ಎಲ್ಲಿಂದ? ಗಂಡಸರು ದಕ್ಕೆಯಲ್ಲಿ ಮಾತಾಡುತ್ತಾರೆ, ಮಕ್ಕಳು ಮೊಬೈಲಿನಲ್ಲಿ ವಿಡಿಯೊ ನೋಡುತ್ತಾರೆ, ಗಲ್ಫಿನಲ್ಲಿರುವ ತಮ್ಮ ಫೋನು ಮಾಡಿ ‘ದೊಡ್ಡದೇ ತೆಗೊಳ್ಳಿ, ನಾನು ಸ್ವಲ್ಪ ಕಳಿಸ್ತೇನೆ’ ಅನ್ನುತ್ತಾನೆ. ಉಮ್ಮನ ಬಳೆಯ ಮಾತು ಕೊನೆಗೆ ಬರುತ್ತದೆ. ಬಳೆ ಬ್ಯಾಂಕಿಗೆ ಹೋಗುವಾಗ ಮಾತ್ರ ಉಮ್ಮನನ್ನು ಕೇಳುತ್ತೇವೆ, ಎಂಜಿನ್ ಆರಿಸುವಾಗ ಕೇಳುವುದಿಲ್ಲ.

ಈ ಪುಟದಲ್ಲಿ ಮದುವೆಯ ದುಂದುವೆಚ್ಚದ ಬಗ್ಗೆ, ಮಕ್ಕಳ ಓದಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ದೋಣಿಯ ಎಂಜಿನ್ ಬಗ್ಗೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾಡದೋಣಿಯ ಮನೆಯಲ್ಲಿ ಮನೆಯ ಜಾಗ ಬಿಟ್ಟರೆ ಅತಿ ಹೆಚ್ಚು ಬೆಲೆಯ ವಸ್ತು ಇದೇ. ತಪ್ಪು ಎಂಜಿನ್ ಬಂದರೆ ಐದು ವರ್ಷದ ಸಾಲ ಬರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ಜುಲೈ ತಿಂಗಳಲ್ಲಿ ಅಳಿವೆಬಾಗಿಲಿನ ತೆರೆಯ ನಡುವೆ ಎಂಜಿನ್ ನಿಂತರೆ ಮನೆಗೆ ಬರಬೇಕಾದವರು ಬರುವುದಿಲ್ಲ. ಹಾಗಾಗಿ ನಾವು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಎಷ್ಟು ವೇಗ ಹೋಗುತ್ತದೆ ಎಂದು ನೋಡಿ ಎಂಜಿನ್ ತರಬೇಡಿ. ನಮ್ಮ ದೋಣಿ ಅದನ್ನು ಹೊರುತ್ತದಾ, ನಮ್ಮ ಊರಿನಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರಾ ಎಂದು ನೋಡಿ ತನ್ನಿ.

ಸೀಮೆಎಣ್ಣೆಯ ಕಾಲ ಮುಗಿಯುತ್ತಾ ಬಂತು

ಹಿಂದೆ ಸೀಮೆಎಣ್ಣೆ ಎಂಜಿನ್ ಕೊಂಡದ್ದಕ್ಕೆ ಕಾರಣ ಇತ್ತು. ಎಣ್ಣೆ ಅಗ್ಗ, ಪರ್ಮಿಟ್ ಇದ್ದರೆ ಸರಕಾರದ ದರದಲ್ಲಿ ಸಿಗುತ್ತಿತ್ತು, ಎಂಜಿನ್ನೂ ಸರಳ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ದಡ ಸೇರುವಾಗ ಮತ್ತೆ ಪೆಟ್ರೋಲಿಗೆ ತಂದು ನಿಲ್ಲಿಸುವ ಪಾಠ ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಪ್ಲಗ್ ಕರಿ ಹಿಡಿದರೆ ಬಿಚ್ಚಿ ಉಜ್ಜಿ ಹಾಕುತ್ತಾರೆ. ಈ ಕೈಚಳಕ ಒಂದು ತಲೆಮಾರಿನ ಗಳಿಕೆ.

ಆದರೆ ಕೇಂದ್ರ ಸರಕಾರ ಪಡಿತರ ಸೀಮೆಎಣ್ಣೆಯ ಹಂಚಿಕೆಯನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತಲೇ ಬಂದಿದೆ. ಮೀನುಗಾರರಿಗೆ ಬೇಕಾದ ಹೊತ್ತಿಗೆ ಎಣ್ಣೆ ಬರುವುದಿಲ್ಲ, ಬಂದಾಗ ಸೀಸನ್ ಮುಗಿದಿರುತ್ತದೆ. ಪ್ರತಿ ವರ್ಷ ನಿಯೋಗ, ಮನವಿ, ಭರವಸೆ. ರಾಜ್ಯ ಸರಕಾರವೂ ದಾರಿ ಬದಲಾಯಿಸಿದೆ. 2023-24ರ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವ ದೋಣಿಗಳಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಅಂದರೆ ಸರಕಾರವೇ ಹೇಳಿದ ಹಾಗಾಯಿತು, ಸೀಮೆಎಣ್ಣೆಯನ್ನು ಇನ್ನು ನಂಬಿ ಕೂರಬೇಡಿ ಎಂದು.

ಹಾಗಾಗಿ ಇವತ್ತು ಹೊಸ ಸೀಮೆಎಣ್ಣೆ ಎಂಜಿನ್‌ಗೆ ದುಡ್ಡು ಹಾಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಇರುವುದನ್ನು ಓಡುವಷ್ಟು ದಿನ ಓಡಿಸಿ. ಬದಲಾಯಿಸುವ ದಿನ ಬಂದಾಗ ಪೆಟ್ರೋಲ್ ಕಡೆ ನೋಡಿ. ಡೀಸೆಲ್ ಔಟ್‌ಬೋರ್ಡ್ ಕೂಡ ಉಂಟು. ಆದರೆ ಅದೇ ಶಕ್ತಿಯ ಪೆಟ್ರೋಲ್ ಎಂಜಿನ್‌ಗಿಂತ ಅದು ಭಾರ. ಸಣ್ಣ ದೋಣಿಯ ಹಿಂಭಾಗಕ್ಕೆ ಆ ಭಾರ ಹೊಂದುವುದು ಕಷ್ಟ.

ಹತ್ತರ ಗೆರೆ ಮರೆಯಬೇಡಿ

ಎಷ್ಟು ಎಚ್‌ಪಿ ಎಂಬ ಪ್ರಶ್ನೆಗೆ ನಮ್ಮ ಕರಾವಳಿಯಲ್ಲಿ ಕಾನೂನೇ ಅರ್ಧ ಉತ್ತರ ಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೂ, 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಕಡಲಿಗಿಳಿಯಲು ಅನುಮತಿ ಇಲ್ಲ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರ ಅಡಿಯಲ್ಲಿ ಈ ಆದೇಶ ಪ್ರತಿ ವರ್ಷ ಬರುತ್ತದೆ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುವ ಈ ಎರಡು ತಿಂಗಳೇ ನಾಡದೋಣಿಯ ದುಡಿಮೆಯ ಕಾಲ. ಮೊದಲ ತೂಫಾನ್ ಕಡಲನ್ನು ಕಲಕಿದ ಮೇಲೆ ಸಿಗಡಿಯೂ ಬೂತಾಯಿಯೂ ಬಂಗುಡೆಯೂ ದಡದ ಹತ್ತಿರ ಬರುತ್ತವೆ, ಮಾರುಕಟ್ಟೆಯಲ್ಲಿ ಬೇರೆ ಮೀನು ಇಲ್ಲದ ಕಾರಣ ರೇಟೂ ಸಿಗುತ್ತದೆ. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಕೆಲವು ವಾರಗಳಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಅಂಗಡಿಯಲ್ಲಿ 9.9 ಎಚ್‌ಪಿ ಎಂಬ ವಿಚಿತ್ರ ಅಂಕಿ ಕಂಡು ಹೊಸಬರು ನಗುತ್ತಾರೆ. ಹತ್ತಕ್ಕಿಂತ ಒಂದು ಕೂದಲೆಳೆ ಕೆಳಗಿರುವ ಆ ಅಂಕಿ ನಮ್ಮ ಮನೆಯ ಜೂನ್-ಜುಲೈ ಅನ್ನವನ್ನು ಉಳಿಸುತ್ತದೆ. ಅಂಗಡಿಯವರು ಹೇಳುವ ಇನ್ನೊಂದು ಮಾತಿದೆ: ‘ಕಾಕ, 9.9ಕ್ಕೂ 15ಕ್ಕೂ ತೂಕ ಹೆಚ್ಚು ಕಡಿಮೆ ಒಂದೇ, ಸ್ವಲ್ಪ ಹೆಚ್ಚು ಹಾಕಿದ್ರೆ 15 ಬರ್ತದೆ.’ ಇದು ಸುಳ್ಳಲ್ಲ. ಹಲವು ಕಂಪನಿಗಳು ಒಂದೇ ಬ್ಲಾಕಿನಲ್ಲಿ ಎರಡನ್ನೂ ಮಾಡುತ್ತವೆ, ಒಳಗೆ ಕಾರ್ಬ್ಯುರೇಟರ್ ಮತ್ತಿತರ ಭಾಗಗಳಲ್ಲಿ ವ್ಯತ್ಯಾಸ ಇಟ್ಟಿರುತ್ತವೆ. ಆದರೆ 15 ತಂದವರು ಜೂನ್‌ನಲ್ಲಿ ಅದನ್ನು ಬಿಚ್ಚಿಡಬೇಕು, ಇಲ್ಲವೇ ದಂಡಕ್ಕೆ ಸಿದ್ಧವಾಗಬೇಕು. 9.9 ತಂದು ಆಮೇಲೆ ಒಳಗಿನ ಭಾಗ ಬದಲಾಯಿಸಿ ಶಕ್ತಿ ಏರಿಸುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ವಾರಂಟಿ ಅಲ್ಲಿಗೆ ಹೋಯಿತು. ಅವಘಡವಾದ ದಿನ ವಿಮೆಯವರು ಮೊದಲು ಕೇಳುವುದೂ ಅದನ್ನೇ.

ದೋಣಿ ಹೊರುವಷ್ಟೇ ಎಂಜಿನ್

ಇಲ್ಲಿಂದ ಮುಂದೆ ಅಂಗಡಿಯ ಪುಸ್ತಕ ಮುಚ್ಚಿಟ್ಟು ದೋಣಿಯ ಹತ್ತಿರ ಹೋಗಬೇಕು. ಕೈಯಲ್ಲಿ ಒಂದು ಅಳತೆ ಟೇಪು ಇದ್ದರೆ ಸಾಕು.

ಮೊದಲು ತೂಕ. ನಾಲ್ಕು ಸ್ಟ್ರೋಕಿನ 9.9 ಎಂಜಿನ್ ಸುಮಾರು 40ರಿಂದ 50 ಕೆ.ಜಿ. ತೂಗುತ್ತದೆ. ಸಾಮಾನ್ಯವಾಗಿ ಅದೇ ಶಕ್ತಿಯ ಎರಡು ಸ್ಟ್ರೋಕಿನದ್ದಕ್ಕಿಂತ ಇದು ಭಾರ. ಹಿಂಭಾಗದ ಹಲಗೆ ಹಳೆಯ ಎಂಜಿನ್‌ನ ನಡುಕ ತಿಂದು ತಿಂದು ಒಳಗೆ ಮೆತ್ತಗಾಗಿರಬಹುದು. ಫೈಬರ್ ದೋಣಿಯಲ್ಲಿ ಮೇಲೆ ಹೊಳಪು ಕಂಡರೂ ಒಳಗಿನ ಮರ ನೀರು ಕುಡಿದಿರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ಸದ್ದು ಬರುವಲ್ಲಿಗೂ ಮಂದ ಸದ್ದು ಬರುವಲ್ಲಿಗೂ ವ್ಯತ್ಯಾಸ ತಿಳಿಯುತ್ತದೆ. ಬೋಲ್ಟಿನ ತೂತಿನ ಸುತ್ತ ಬಿರುಕು ಇದ್ದರೆ ಹೊಸ ಎಂಜಿನ್‌ಗೆ ಮೊದಲು ಹೊಸ ಹಲಗೆ ಬೇಕು. ಆ ಖರ್ಚನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿ.

ಎರಡನೆಯದು ಶಾಫ್ಟಿನ ಉದ್ದ. ಗಿಡ್ಡ ಶಾಫ್ಟ್ 15 ಇಂಚಿನ ಹಲಗೆಗೆ, ಉದ್ದ ಶಾಫ್ಟ್ 20 ಇಂಚಿನ ಹಲಗೆಗೆ. ಎಂಜಿನ್ ಕೂರುವ ಜಾಗದ ಮೇಲ್ತುದಿಯಿಂದ ದೋಣಿಯ ತಳದವರೆಗೆ ಅಳೆಯಿರಿ. ಎಂಜಿನ್ ಕೂರಿಸಿದ ಮೇಲೆ ಫ್ಯಾನಿನ ಮೇಲಿರುವ ಅಗಲವಾದ ತಗಡು ದೋಣಿಯ ತಳಕ್ಕೆ ಸಮನಾಗಿ, ಅಥವಾ ಒಂದಿಂಚು ಕೆಳಗೆ ಇರಬೇಕು. ಶಾಫ್ಟ್ ಗಿಡ್ಡವಾದರೆ ತೆರೆಯ ಮೇಲೆ ದೋಣಿ ಎದ್ದಾಗಲೆಲ್ಲ ಫ್ಯಾನ್ ಗಾಳಿ ಹಿಡಿದು ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅಳಿವೆಬಾಗಿಲಿನಲ್ಲಿ ಇದು ಆಗಬಾರದ ಜಾಗದಲ್ಲಿ ಆಗುವ ಆಪತ್ತು. ತೀರಾ ಉದ್ದವಾದರೆ ಹಿನ್ನೀರಿನ ಮರಳಿಗೆ ತಾಗುತ್ತದೆ, ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ಮೂರನೆಯದು ಫ್ಯಾನ್. ಅಂಗಡಿಯಲ್ಲಿ ಎಂಜಿನ್ ಜೊತೆ ಬರುವ ಫ್ಯಾನ್ ಹಗುರ ದೋಣಿಗೆ ವೇಗ ಕೊಡುವ ಲೆಕ್ಕದ್ದಾಗಿರಬಹುದು. ಬಲೆ, ಮಂಜುಗಡ್ಡೆ, ಆರೇಳು ಜನ, ಬರುವಾಗ ಮೀನು, ಇಷ್ಟು ಭಾರಕ್ಕೆ ಕಡಿಮೆ ಪಿಚ್‌ನ ಫ್ಯಾನ್ ಬೇಕು. ಪರೀಕ್ಷೆ ಸುಲಭ. ಪೂರ್ತಿ ಭಾರ ಹಾಕಿ, ಪೂರ್ತಿ ಥ್ರಾಟಲ್ ತಿರುಗಿಸಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂದು ಮೆಕ್ಯಾನಿಕ್‌ನ ಮೀಟರಿನಲ್ಲಿ ನೋಡಿಸಿ. ಕೈಪಿಡಿಯಲ್ಲಿ ಎಷ್ಟರಿಂದ ಎಷ್ಟು ಎಂದು ಬರೆದಿರುತ್ತದೆ, ಈ ಗಾತ್ರದವಕ್ಕೆ ಹೆಚ್ಚಾಗಿ 5,000ದಿಂದ 6,000ದ ಆಸುಪಾಸು. ಅಷ್ಟು ತಲುಪದಿದ್ದರೆ ಎಂಜಿನ್ ಹೊರಲಾರದ್ದನ್ನು ಹೊರುತ್ತಿದೆ ಎಂದು ಅರ್ಥ. ಎಂಜಿನ್ ಸಣ್ಣದಾಯಿತು ಎಂದು ಬಯ್ಯುವ ಎಷ್ಟೋ ಕಡೆ ಬದಲಾಗಬೇಕಾದದ್ದು ಫ್ಯಾನ್ ಮಾತ್ರ.

ದೋಣಿ ಅಲ್ಯೂಮಿನಿಯಂ ಆದರೆ ಇನ್ನೊಂದೆರಡು ಮಾತು ಸೇರಿಸಬೇಕು. ನಮ್ಮಲ್ಲಿ ಫೈಬರ್ ಮತ್ತು ಮರದ್ದೇ ಹೆಚ್ಚು. ಅಲ್ಯೂಮಿನಿಯಂ ಹಗುರ, ನಾಲ್ಕು ಜನ ಸೇರಿ ಮರಳಿನ ಮೇಲೆ ಎಳೆಯಬಹುದು. ಹಗುರವಾದ್ದರಿಂದಲೇ ಹಿಂದೆ ಭಾರ ಹೆಚ್ಚಾದರೆ ಮೂತಿ ಮೇಲೆತ್ತುತ್ತದೆ. ಹಲಗೆಯ ಹತ್ತಿರ ಎಷ್ಟು ಎಚ್‌ಪಿವರೆಗೆ ಹಾಕಬಹುದು ಎಂದು ತಯಾರಕರು ಹಚ್ಚಿದ ತಗಡು ಇದ್ದರೆ ಅದನ್ನು ಮೀರಬೇಡಿ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಜೊತೆ ಬೇರೆ ಲೋಹ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಕರಗುತ್ತದೆ. ಬೋಲ್ಟಿನ ಅಡಿಗೆ ನೈಲಾನ್ ವಾಷರ್ ಹಾಕಿ, ತಾಮ್ರದ ಅಂಶವಿರುವ ಪೇಂಟ್ ತಳಕ್ಕೆ ಬಳಿಯಬೇಡಿ, ಎಂಜಿನ್‌ನ ಕೆಳಗಿರುವ ಅನೋಡ್ ಎಂಬ ಬಲಿಲೋಹದ ತುಂಡು ಅರ್ಧ ಸವೆದ ಕೂಡಲೇ ಬದಲಾಯಿಸಿ.

ನೀರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಘಟ್ಟದ ಮೇಲೆ, ಕಲಬುರಗಿ ಜಿಲ್ಲೆಯ ಕಾಳಗಿ ತಾಲೂಕಿನ ಬೆಣ್ಣೆತೊರಾ ಜಲಾಶಯದಂಥ ನಿಂತ ನೀರನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದ ಜಲಾಶಯಗಳಲ್ಲಿ ಹೆಚ್ಚಿನ ಮೀನುಗಾರರು ಹರಿಗೋಲಿನಲ್ಲಿ ಕೂತು ಒಂದೇ ಹುಟ್ಟಿನಿಂದ ದುಡಿಯುತ್ತಾರೆ, ಎಂಜಿನ್ ಸಾಲವೇ ಇಲ್ಲ. ಅಂಥ ನೀರಿನಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ದೋಣಿ ಇಟ್ಟವರಿಗೆ ಗಿಡ್ಡ ಶಾಫ್ಟಿನ ನಾಲ್ಕೈದು ಎಚ್‌ಪಿ ಎಂಜಿನ್ ಧಾರಾಳ ಸಾಕು. ತೆರೆಯಿಲ್ಲ, ಉಪ್ಪಿಲ್ಲ, ಅಳಿವೆಯಿಲ್ಲ. ಅದೇ ಎಂಜಿನ್ ಹಾಕಿಕೊಂಡು ಜೂನ್‌ನಲ್ಲಿ ಬೆಂಗ್ರೆಯಿಂದ ಹೊರಗೆ ಹೋದರೆ ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗೆ ಬೀಳುವ ಮಳೆಗಾಲದ ನೀರನ್ನು ಎದುರಿಸಿ ವಾಪಸು ಬರಲಾಗದು. ಆದ್ದರಿಂದ ಇನ್ನೊಬ್ಬರ ಎಂಜಿನ್ ಚೆನ್ನಾಗಿದೆ ಎಂದಾಗ ಅವರ ನೀರು ಯಾವುದು ಎಂದು ಮೊದಲು ಕೇಳಿ. ದುಬೈ ಕ್ರೀಕಿನಲ್ಲಿ ನೋಡಿದ್ದನ್ನು ಹೇಳುವ ತಮ್ಮನಿಗೂ ಇದೇ ಉತ್ತರ.

ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ

ದಕ್ಕೆಯಲ್ಲಿ ಅತಿ ಹೆಚ್ಚು ಗಲಾಟೆ ಆಗುವುದು ಈ ವಿಷಯಕ್ಕೆ. ಎರಡು ಸ್ಟ್ರೋಕ್ ಹಗುರ, ಬೆಲೆ ಕಡಿಮೆ, ಬಿಚ್ಚಿ ಕಟ್ಟುವುದು ಸುಲಭ, ಕೈಗೆ ಪರಿಚಿತ. ಅದರ ದೋಷ ಏನೆಂದರೆ ಸುಡದ ಎಣ್ಣೆ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಹಳೆಯ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಹೀಗೆ ಸೋರುವುದು ಕಾಲುಭಾಗದವರೆಗೂ ಹೋಗುತ್ತದೆ. ನಾಲ್ಕು ಲೀಟರ್ ತುಂಬಿದರೆ ಒಂದು ಲೀಟರ್ ಕಡಲಿಗೆ ಸುರಿದ ಹಾಗೆ. ನೀರಿನ ಮೇಲೆ ಕಾಣುವ ಬಣ್ಣಬಣ್ಣದ ಪದರ ನಮ್ಮದೇ ದುಡ್ಡು. ಜೊತೆಗೆ 50 ಲೀಟರ್ ಪೆಟ್ರೋಲಿಗೆ ಒಂದು ಲೀಟರ್ ಆಯಿಲ್ ಬೆರೆಸುವ ಖರ್ಚು ಬೇರೆ.

ನಾಲ್ಕು ಸ್ಟ್ರೋಕಿಗೆ ಆಯಿಲ್ ಬೆರೆಸಬೇಕಾಗಿಲ್ಲ, ಎಣ್ಣೆ ಕಡಿಮೆ ಕುಡಿಯುತ್ತದೆ, ಸದ್ದು ಕಡಿಮೆ. ಬೆಲೆ ಹೆಚ್ಚು, ತೂಕ ಹೆಚ್ಚು, ಸಮಯಕ್ಕೆ ಆಯಿಲ್ ಬದಲಾಯಿಸದಿದ್ದರೆ ಕೆಡುತ್ತದೆ, ಕೆಟ್ಟರೆ ಕಲಿತ ಕೈಯೇ ಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ನೀವು ತುಂಬಿಕೊಳ್ಳಿ. ಎರಡು ಸ್ಟ್ರೋಕಿನ ಎಂಜಿನ್ ದಿನಕ್ಕೆ 20 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ನಾಲ್ಕು ಸ್ಟ್ರೋಕಿನದು 15 ಲೀಟರ್ ಎಂದಿಟ್ಟುಕೊಳ್ಳಿ. ಉಳಿಯುವುದು 5 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ ದಿನಕ್ಕೆ 500. ತಿಂಗಳಿಗೆ 20 ದಿನ ಹೋದರೆ 10,000. ಎರಡರ ಬೆಲೆಯ ವ್ಯತ್ಯಾಸ 60,000 ಇದ್ದರೆ ಆರು ತಿಂಗಳ ದುಡಿಮೆಯಲ್ಲಿ ಅದು ತೀರುತ್ತದೆ, ಆಮೇಲಿನದ್ದು ಮನೆಗೆ. ಆದರೆ ವರ್ಷದಲ್ಲಿ 40 ದಿನ ಮಾತ್ರ ಕಡಲಿಗೆ ಹೋಗುವ ಪಾತಿದೋಣಿಗೆ ಅದೇ 60,000 ತೀರಲು ಮೂರು ವರ್ಷ ಬೇಕು. ಹೀಗಾಗಿ ನಾಲ್ಕು ಸ್ಟ್ರೋಕೇ ಎಲ್ಲರಿಗೂ ಒಳ್ಳೆಯದು ಎಂದು ನಾವು ಹೇಳುವುದಿಲ್ಲ. ದಿನಾ ದುಡಿಯುವ ದೋಣಿಗೆ ಅದೇ ಸರಿ, ಅಪರೂಪಕ್ಕೆ ಇಳಿಯುವ ದೋಣಿಗೆ ಒಳ್ಳೆಯ ಸ್ಥಿತಿಯ ಹಳೆಯ ಎಂಜಿನ್ ಸಾಕಾದೀತು.

ಹಳೆಯದು ಕೊಳ್ಳುವವರು ಮೂರು ವಿಷಯ ನೋಡದೆ ದುಡ್ಡು ಕೊಡಬಾರದು. ಗೇರ್ ಆಯಿಲ್ ಸ್ವಲ್ಪ ಹೊರಗೆ ತೆಗೆಸಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಎಂಜಿನ್ ಓಡುವಾಗ ಪಕ್ಕದಿಂದ ತಣ್ಣೀರಿನ ಧಾರೆ ಗಟ್ಟಿಯಾಗಿ ಬರುತ್ತದಾ ನೋಡಿ, ಬರದಿದ್ದರೆ ತಂಪು ಮಾಡುವ ದಾರಿ ಕಟ್ಟಿದೆ. ಮೂರನೆಯದು ಬಿಲ್ಲು ಮತ್ತು ಸೀರಿಯಲ್ ನಂಬರ್. ಬಿಲ್ಲಿಲ್ಲದ ಎಂಜಿನ್ ಅಗ್ಗವಾಗಿರುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ನಾಳೆ ದೋಣಿಯ ನೋಂದಣಿ ಪತ್ರದಲ್ಲಿ ಎಂಜಿನ್ ಬದಲಾವಣೆ ಬರೆಸಲು, ವಿಮೆ ಮಾಡಿಸಲು ಹೊರಟಾಗ ಆ ಕಾರಣ ಗೊತ್ತಾಗುತ್ತದೆ.

ಪೆಟ್ರೋಲಿನೊಳಗಿನ ಎಥನಾಲ್

ಪೆಟ್ರೋಲ್ ಎಂಜಿನ್ ತಂದವರಿಗೆ ಹೊಸದೊಂದು ತಲೆನೋವು ಉಂಟು, ಅದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ದೊಡ್ಡ ಔಟ್‌ಬೋರ್ಡ್ ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುವ ಮಿತಿ ಶೇ. 10. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಸ್ತೆಯ ಬೈಕಿಗಿಂತ ಕಡಲಿನ ದೋಣಿಗೆ ಇದು ಹೆಚ್ಚು ಅಪಾಯ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕು ವಾರಗಟ್ಟಲೆ ಮರಳಿನ ಮೇಲೆ ಬಿದ್ದಿದ್ದರೆ ನೀರು ಎಥನಾಲಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಮೊದಲು ಹೋಗುವುದು ಆ ತಳದ್ದೇ. ರಬ್ಬರ್ ಪೈಪುಗಳೂ ಬೇಗ ಹಾಳಾಗುತ್ತವೆ.

ಇದಕ್ಕೆ ನಮ್ಮ ಕೈಯಲ್ಲಿರುವ ಉಪಾಯ ಇಷ್ಟು. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಬೇಕಾದಷ್ಟೇ ಪೆಟ್ರೋಲ್ ತನ್ನಿ, ಹಳೆಯದನ್ನು ಉಳಿಸಬೇಡಿ. ಸೀಸನ್ ಮುಗಿದ ಮೇಲೆ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಎಲ್ಲಕ್ಕಿಂತ ಮುಖ್ಯ, ಕೊಳ್ಳುವ ದಿನವೇ ಡೀಲರನ್ನು ಕೇಳಿ: ‘ಈ ಎಂಜಿನ್‌ಗೆ ಪಂಪಿನ ಪೆಟ್ರೋಲ್ ಹಾಕಿದರೆ ವಾರಂಟಿ ಉಂಟಾ, ಇಲ್ಲವಾ? ಬಿಲ್ಲಿನ ಮೇಲೆ ಬರೆದು ಕೊಡಿ.’ ಬಾಯಿಮಾತಿಗೆ ಒಪ್ಪಬೇಡಿ.

ಇನ್ನೊಂದು ಮಾತನ್ನೂ ಗಟ್ಟಿಯಾಗಿಯೇ ಹೇಳಬೇಕು. ಪೆಟ್ರೋಲ್ ದುಬಾರಿ ಎಂದು ಹೊಸ ಪೆಟ್ರೋಲ್ ಎಂಜಿನ್‌ಗೆ ಸೀಮೆಎಣ್ಣೆ ಬೆರೆಸುವುದು ಮನೆಗೆ ತಂದ ಎಮ್ಮೆಗೆ ಉಪ್ಪುನೀರು ಕುಡಿಸಿದ ಹಾಗೆ. ನಾಲ್ಕು ದಿನ ಓಡುತ್ತದೆ. ಐದನೇ ದಿನ ಎಲ್ಲಿ ನಿಲ್ಲುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಮೆಕ್ಯಾನಿಕ್ ಯಾರು?

ಬ್ರಾಂಡು ಯಾವುದು ಎಂದು ನಮ್ಮನ್ನು ಕೇಳುವವರುಂಟು. ಯಮಹಾ, ಸುಝುಕಿ, ತೊಹಾತ್ಸು, ಇವೆಲ್ಲ ದಶಕಗಳಿಂದ ಎಂಜಿನ್ ಮಾಡುತ್ತಿರುವ ಕಂಪನಿಗಳೇ. ಇದರಲ್ಲಿ ಯಾವುದು ಮೇಲು ಎಂಬ ಜಗಳಕ್ಕಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜುಲೈ ತಿಂಗಳ ಒಂದು ಸಂಜೆ ಎಂಜಿನ್ ಕೆಟ್ಟರೆ ಮರುದಿನ ಬೆಳಿಗ್ಗೆ ಯಾರು ಬಂದು ನೋಡುತ್ತಾರೆ? ಅವರ ಹತ್ತಿರ ವಾಟರ್ ಪಂಪಿನ ಇಂಪೆಲ್ಲರ್, ಪ್ಲಗ್, ಕಾರ್ಬ್ಯುರೇಟರ್ ಕಿಟ್, ಫ್ಯಾನಿನ ಪಿನ್ನು ಇದೆಯಾ, ಅಥವಾ ಕೊಚ್ಚಿಯಿಂದ ಪಾರ್ಸೆಲ್ ಬರಬೇಕಾ? ಸೀಸನ್ನಿನಲ್ಲಿ ಒಂದು ವಾರ ದೋಣಿ ನಿಂತರೆ ಆಗುವ ನಷ್ಟ ಎರಡು ಎಂಜಿನ್‌ಗಳ ಬೆಲೆಯ ವ್ಯತ್ಯಾಸಕ್ಕಿಂತ ದೊಡ್ಡದು. ಹಾಗಾಗಿ ನಿಮ್ಮ ದಕ್ಕೆಯಲ್ಲಿ ಹತ್ತು ದೋಣಿಗೆ ಯಾವ ಎಂಜಿನ್ ಇದೆಯೋ, ಯಾವುದರ ಸಾಮಾನು ಇವತ್ತೇ ಸಿಗುತ್ತದೋ, ಅದೇ ನಿಮಗೆ ಒಳ್ಳೆಯ ಬ್ರಾಂಡು. ಒಂದು ದೋಣಿಯ ಎಂಜಿನ್ ಕೆಟ್ಟರೆ ಪಕ್ಕದ ದೋಣಿಯವರ ಬಿಡಿಭಾಗ ಹಾಕಿ ದಡ ಸೇರಬಹುದು.

ಇಲ್ಲಿ ನಾವೆಲ್ಲ ಸೇರಿ ಮಾಡಬೇಕಾದ ಕೆಲಸವೂ ಇದೆ. ಪಕ್ಕದ ಕೇರಳದಲ್ಲಿ ಮತ್ಸ್ಯಫೆಡ್ ಎಂಬ ಸಹಕಾರಿ ಸಂಸ್ಥೆ ಮೀನುಗಾರರಿಗೆ ಔಟ್‌ಬೋರ್ಡ್ ಎಂಜಿನ್ ಮಾರುತ್ತದೆ, ದುರಸ್ತಿಯ ವ್ಯವಸ್ಥೆಯನ್ನೂ ಇಟ್ಟುಕೊಂಡಿದೆ. 2018ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಉಳಿಸಿದ್ದನ್ನು ದೇಶ ನೋಡಿತು. ಕರೆದ ಕೂಡಲೇ ಸ್ಟಾರ್ಟ್ ಆಗುವ ಎಂಜಿನ್‌ಗಳು, ಅವನ್ನು ಬಲ್ಲ ಕೈಗಳು ಇದ್ದ ಕಾರಣ ಅದು ಸಾಧ್ಯವಾಯಿತು. ನಮ್ಮಲ್ಲೂ ಸಹಕಾರಿ ಸಂಘಗಳಿವೆ, ಫೆಡರೇಷನ್ ಇದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಬೆಂಗ್ರೆ, ಉಳ್ಳಾಲ, ಮಲ್ಪೆ, ಗಂಗೊಳ್ಳಿಗಳಲ್ಲಿ ಒಂದೊಂದು ದಿನ ಎಂಜಿನ್ ತಪಾಸಣೆಯ ಶಿಬಿರ ಇಟ್ಟರೆ ದೊಡ್ಡ ಖರ್ಚಿಲ್ಲ. ನಮ್ಮ ಎಷ್ಟೋ ಹುಡುಗರು ಐಟಿಐ ಮುಗಿಸಿ ಗಲ್ಫಿಗೆ ಎಸಿ ಮೆಕ್ಯಾನಿಕ್ ಆಗಿ ಹೋಗುತ್ತಾರೆ. ಪ್ರತಿ ದಕ್ಕೆಗೆ ಇಬ್ಬರು ಹುಡುಗರು ಕಂಪನಿಯ ತರಬೇತಿ ಪಡೆದು ನಾಲ್ಕು ಸ್ಟ್ರೋಕಿನ ಕೆಲಸ ಕಲಿತರೆ ಅವರಿಗೆ ಊರಲ್ಲೇ ದುಡಿಮೆ, ದೋಣಿಯವರಿಗೆ ನೆಮ್ಮದಿ. ಜಮಾತಿನ ಯುವಕ ಸಂಘಗಳು ಇಂಥ ತರಬೇತಿಯ ಫೀಸು ಕೊಡಲು ಮುಂದೆ ಬರಬೇಕು.

ಸಾಲ ಮೀನಿನ ರೇಟಿಗೆ ಕೈ ಹಾಕದಿರಲಿ

ದುಡ್ಡಿನ ಮಾತು ಕೊನೆಗೆ ಇಟ್ಟಿದ್ದೇವೆ, ಯಾಕೆಂದರೆ ಮೇಲಿನದೆಲ್ಲ ಗೊತ್ತಾದ ಮೇಲೆಯೇ ಎಷ್ಟು ಬೇಕು ಎಂದು ತಿಳಿಯುವುದು. ಎಂಜಿನ್‌ನ ಬೆಲೆ, ಹಲಗೆ ರಿಪೇರಿ, ಸರಿಯಾದ ಫ್ಯಾನ್, ಫಿಲ್ಟರ್, ಮೊದಲ ವರ್ಷದ ಸರ್ವಿಸ್, ವಿಮೆ, ಎಲ್ಲರಿಗೂ ಲೈಫ್ ಜಾಕೆಟ್. ಇಷ್ಟನ್ನೂ ಕೂಡಿಸಿ ಬಂದದ್ದೇ ನಿಜವಾದ ಬೆಲೆ.

ಬ್ಯಾಂಕಿನ ಬಡ್ಡಿ ಬೇಡವೆಂದು ನಮ್ಮಲ್ಲಿ ಹಲವರು ದೂರ ನಿಲ್ಲುತ್ತಾರೆ. ಆ ಮನಸ್ಸು ನಮಗೆ ಅರ್ಥವಾಗುತ್ತದೆ. ಆದರೆ ಬ್ಯಾಂಕು ಬೇಡವೆಂದು ಮೀನು ಕೊಳ್ಳುವವರಿಂದಲೇ ಅಡ್ವಾನ್ಸ್ ತೆಗೆದುಕೊಂಡರೆ ಏನಾಗುತ್ತದೆ? ಕಾಗದದಲ್ಲಿ ಬಡ್ಡಿ ಇಲ್ಲ. ಮೀನು ಮಾತ್ರ ಅವರಿಗೇ ಕೊಡಬೇಕು, ಅವರು ಹೇಳಿದ ರೇಟಿಗೆ ಕೊಡಬೇಕು, ಅಡ್ವಾನ್ಸ್ ತೀರುವವರೆಗೆ ಕೊಡುತ್ತಲೇ ಇರಬೇಕು. ಕಿಲೋಗೆ ಹತ್ತೋ ಇಪ್ಪತ್ತೋ ರೂಪಾಯಿ ಕಡಿಮೆಯಾಗುವುದನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಯಾವ ಬಡ್ಡಿಯೂ ಅದರ ಮುಂದೆ ಸಣ್ಣದು. ಬಡ್ಡಿಯ ಹೆಸರು ಇಲ್ಲದ ಮಾತ್ರಕ್ಕೆ ಅದು ಹಗುರವಾಗುವುದಿಲ್ಲ.

ನಮಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲವೇ? ಉಂಟು. ಲಾಭ ಬಂದರೆ ಪಾಲು, ನಷ್ಟವಾದರೆ ಅದರಲ್ಲೂ ಪಾಲು ಎಂಬ ವ್ಯವಹಾರ ನಮ್ಮವರಿಗೆ ಹೊಸದಲ್ಲ. ಮಂಗಳೂರಿನ ಬಂದರಿನ ಅಂಗಡಿಗಳಿಂದ ಬೆಂಗಳೂರಿನ ಹೋಟೆಲುಗಳವರೆಗೆ ಹಾಗೆಯೇ ದುಡಿದಿದ್ದೇವೆ. ನಾಡದೋಣಿಯಲ್ಲೂ ಹಿಡಿದ ಮೀನಿನಲ್ಲಿ ದೋಣಿಗಿಷ್ಟು, ಬಲೆಗಿಷ್ಟು, ಎಂಜಿನ್‌ಗಿಷ್ಟು, ಆಳಿಗಿಷ್ಟು ಎಂದು ಪಾಲು ಹಾಕುವುದು ಬಹಳ ಕಡೆ ರೂಢಿ. ಗಲ್ಫಿನ ತಮ್ಮ ದುಡ್ಡು ಹಾಕುವುದಾದರೆ ಎಂಜಿನ್ ಪಾಲಿನ ಪಾಲುದಾರನಾಗಿ ಹಾಕಲಿ. ನಾಲ್ಕು ಜನ ಸೇರಿ ಹಾಕಲಿ. ಯಾರು ಎಷ್ಟು ಹಾಕಿದರು, ಎಂಜಿನ್ ಪಾಲು ಹೇಗೆ ಹಂಚಬೇಕು, ರಿಪೇರಿ ಯಾರ ತಲೆಗೆ, ಎಂಜಿನ್ ಮಾರಿದರೆ ಹೇಗೆ, ಎಲ್ಲವನ್ನೂ ಇಬ್ಬರು ಸಾಕ್ಷಿಗಳ ಮುಂದೆ ಒಂದು ಹಾಳೆಯಲ್ಲಿ ಬರೆದಿಡಿ. ಅಣ್ಣ-ತಮ್ಮಂದಿರ ನಡುವೆ ಬರಹ ಯಾಕೆ ಎನ್ನಬೇಡಿ. ಬರೆಯದೆ ಕೆಟ್ಟ ಮನೆಗಳನ್ನು ನಾವೆಲ್ಲ ನೋಡಿದ್ದೇವೆ.

ಆ ಹಾಳೆ ಬರೆಯುವಾಗ ಮನೆಯ ಹೆಂಗಸರೂ ಕೂತಿರಲಿ. ಮೀನು ಒಣಗಿಸುವವರು, ಮಾರುವವರು, ತಿಂಗಳ ಖರ್ಚು ಸರಿದೂಗಿಸುವವರು ಅವರು. ದಿನಕ್ಕೆ 500 ರೂಪಾಯಿ ಉಳಿದರೆ ಏನಾಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಳೆ ಅಡವಿಡುವುದೇ ಆದರೆ ಯಾವ ತಿಂಗಳು ಬಿಡಿಸಿ ತರುತ್ತೇವೆ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ.

ಸರಕಾರಕ್ಕೂ ಎರಡು ಮಾತು. 50,000 ರೂಪಾಯಿ ಸಹಾಯಧನ ಒಳ್ಳೆಯ ಹೆಜ್ಜೆ. ಆದರೆ ಲಕ್ಷಗಳ ಲೆಕ್ಕದ ಎಂಜಿನ್‌ಗೆ ಅದು ಒಂದು ಪಾಲು ಮಾತ್ರ, ಅದೂ ಮಳೆಗಾಲ ಮುಗಿದ ಮೇಲೆ ಬಂದರೆ ಸಾಲ ಮಾಡಿದವರಿಗೆ ಉಪಕಾರವಿಲ್ಲ. ಏಪ್ರಿಲ್ ಒಳಗೆ ಅರ್ಜಿ ಇತ್ಯರ್ಥ ಮಾಡಿ, ಜೂನ್ ತೂಫಾನಿಗೆ ಮೊದಲು ದುಡ್ಡು ಕೈಗೆ ಬರುವಂತೆ ಮಾಡಿ. ಎಥನಾಲ್ ಪೆಟ್ರೋಲ್ ವಿಷಯದಲ್ಲಿ ಕಂಪನಿಗಳಿಂದ ಸ್ಪಷ್ಟ ಉತ್ತರ ಪಡೆದು ಮೀನುಗಾರಿಕೆ ಇಲಾಖೆ ಕನ್ನಡದಲ್ಲೇ ತಿಳಿಸಲಿ. ಎಂಜಿನ್ ಬದಲಾಯಿಸಿ ಎಂದು ಹೇಳಿದವರ ಮೇಲೆ ಯಾವ ಎಣ್ಣೆ ಹಾಕಬೇಕು ಎಂದು ಹೇಳುವ ಹೊಣೆಯೂ ಇದೆ.

ಎಂಜಿನ್ ಮನೆಗೆ ಬಂದ ಮೇಲಿನ ಕೆಲಸ ಸಣ್ಣದು, ಆದರೆ ದಿನಾ ಇದೆ. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪು ತೊಳೆಯಿರಿ. ಪ್ಲಗ್ ಸ್ಪಾನರ್, ಎರಡು ಪ್ಲಗ್, ಒಂದು ಪಿನ್ನು, ಎಳೆಯುವ ಹಗ್ಗ, ಒಂದು ಜೊತೆ ಹುಟ್ಟು ಯಾವಾಗಲೂ ದೋಣಿಯಲ್ಲಿರಲಿ. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ನಂಬರು ದೋಣಿಯಲ್ಲಿರುವ ಎಲ್ಲರ ಮೊಬೈಲಿನಲ್ಲೂ, ಮನೆಯಲ್ಲಿರುವವರ ಮೊಬೈಲಿನಲ್ಲೂ ಇರಲಿ. ಬಾಪ ಎಷ್ಟು ಗಂಟೆಗೆ ಹೊರಟರು, ಎಷ್ಟಕ್ಕೆ ಬರಬೇಕು ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ.